ಘಾಟಿನ ನೆಪ

ಮದುವೆಯಾಗಿ ಈ ಮನೆಗೆ ಬಂದ ಮೇಲೆ ಬಹಳ ವರ್ಷ ಟೀಚರಮ್ಮ ಹೇಳಿದ ಸುಳ್ಳು ಒಂದೇ ಒಂದು. ಅದನ್ನೇ ದಿನವೂ ಹೇಳಿದ್ದರಿಂದ ಮನೆಯವರಿಗೆಲ್ಲ ಅದು ನಿಜವೇ ಆಗಿಹೋಗಿತ್ತು. ಸುಳ್ಳು ಇಷ್ಟೇ: ಒಣಮೆಣಸಿನಕಾಯಿ ಹುರಿದರೆ ಘಾಟು ಮನೆಯೆಲ್ಲ ಹಬ್ಬುತ್ತದೆ, ಎಲ್ಲರೂ ಕೆಮ್ಮುತ್ತಾರೆ, ಆದ್ದರಿಂದ ಅಡುಗೆಮನೆಯ ಬಾಗಿಲು ಹಾಕಿಕೊಳ್ಳಬೇಕು.

ಹುರಿಯುತ್ತಿದ್ದದ್ದು ನಿಜ. ಆದರೆ ಅದಕ್ಕೆ ಹಿಡಿಯುತ್ತಿದ್ದದ್ದು ಒಂದು ಗಳಿಗೆ. ಆಮೇಲೆ ಟೀಚರಮ್ಮ ಒಲೆ ಆರಿಸಿ, ಅಕ್ಕಿಡಬ್ಬದ ಪಕ್ಕದ ಮೋಟು ಸ್ಟೂಲಿನ ಮೇಲೆ ಕೂತು, ಗೋಡೆಗೆ ಬೆನ್ನು ಕೊಟ್ಟು ಒಂದು ಲೋಟ ಚಹಾ ಕುಡಿಯುತ್ತಿದ್ದರು. ಓದುತ್ತಿರಲಿಲ್ಲ, ಹಾಡಿಕೊಳ್ಳುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಸುಮ್ಮನೆ ಕೂರುತ್ತಿದ್ದರು. ಕೆಲಸದಲ್ಲಿದ್ದಾಗ ಬೆಳಗ್ಗೆಯೆಲ್ಲ ಒಂದನೇ ತರಗತಿಯ ಮಕ್ಕಳು ‘ಮಿಸ್, ಮಿಸ್’ ಎಂದು ತೋಳು ಜಗ್ಗುತ್ತಿದ್ದವು. ಮನೆಗೆ ಬಂದರೆ ಯಜಮಾನರು. ಅವರು ಬಸ್ಸುಗಳಲ್ಲಿ ಟಿಕೆಟ್ ಪರೀಕ್ಷಿಸುವ ಚೆಕಿಂಗ್ ಇನ್‌ಸ್ಪೆಕ್ಟರ್ ಆಗಿದ್ದವರು. ಪ್ರಶ್ನೆ ಕೇಳುವುದು ಅವರಿಗೆ ಹೊಟ್ಟೆಪಾಡಾಗಿತ್ತು, ನಿವೃತ್ತಿಯಾದ ಮೇಲೆ ಹವ್ಯಾಸವಾಯಿತು. ಪೇಪರನ್ನು ಗಟ್ಟಿಯಾಗಿ ಓದುವುದು, ಓದಿದ್ದಕ್ಕೆಲ್ಲ ತಮ್ಮ ಅಭಿಪ್ರಾಯ ಸೇರಿಸುವುದು, ಕೇಳಿದವರು ಹೂಂ ಅನ್ನದಿದ್ದರೆ ಮೊದಲಿನಿಂದ ಮತ್ತೆ ಓದುವುದು. ಮೊಮ್ಮಗಳು ಅವರಿಗೆ ರೇಡಿಯೋ ಎಂದು ಹೆಸರಿಟ್ಟಿದ್ದಳು. ಕೆಟ್ಟ ಮನುಷ್ಯರೇನಲ್ಲ. ಒಂದು ದಿನವೂ ಹೆಂಡತಿಯ ಮೇಲೆ ಕೈಯೆತ್ತಿದವರಲ್ಲ, ಹೆಂಡತಿಯ ಸಂಬಳ ಕೇಳಿದವರಲ್ಲ. ಆದರೆ ಆ ರೇಡಿಯೋಗೆ ಗುಂಡಿ ಇರಲಿಲ್ಲ, ಬಾಗಿಲು ಮಾತ್ರ ಇತ್ತು.

ಮಲಗುವ ಕೋಣೆಗೂ ಬಾಗಿಲಿತ್ತಲ್ಲ ಎಂದು ನೀವು ಕೇಳಬಹುದು. ಹಗಲಲ್ಲಿ ಆ ಬಾಗಿಲು ಹಾಕಿದರೆ ‘ತಲೆನೋವಾ? ಜ್ವರವಾ? ನನ್ನ ಮೇಲೆ ಕೋಪವಾ?’ ಎಂದು ಒಬ್ಬರಾದ ಮೇಲೆ ಒಬ್ಬರು ತಟ್ಟುತ್ತಾರೆ. ಅಡುಗೆಮನೆಯ ಬಾಗಿಲು ಹಾಕಿದರೆ ಯಾರೂ ತಟ್ಟುವುದಿಲ್ಲ. ಕೆಲಸ ಮಾಡುವ ಹೆಂಗಸನ್ನು ಯಾರೂ ಮಾತಾಡಿಸುವುದಿಲ್ಲ, ಸುಮ್ಮನೆ ಕೂತವಳನ್ನು ಎಲ್ಲರೂ ಮಾತಾಡಿಸುತ್ತಾರೆ. ಟೀಚರಮ್ಮ ಇದನ್ನು ಮದುವೆಯಾದ ವರ್ಷವೇ ಕಂಡುಕೊಂಡಿದ್ದರು.

ಆ ಬಾಗಿಲನ್ನು ಕಿತ್ತವಳು ಸೊಸೆ. ಕಿತ್ತದ್ದು ಪ್ರೀತಿಯಿಂದಲೇ.

ಹಳೇ ಮನೆಗಳ ಹಿಂಭಾಗ ಒಡೆದು, ಹೊಸ ಜಾಗ ಸೇರಿಸಿ, ಗಾಜು ಕೂರಿಸಿ, ಕತ್ತಲೆ ಕೋಣೆಗಳಿಗೆ ಬೆಳಕು ತರುವ ವಿನ್ಯಾಸ ಸೊಸೆಯ ಕಸುಬು. ಬಹಳ ವರ್ಷ ಬೇರೆಯವರ ಆಫೀಸಿನಲ್ಲಿ ದುಡಿದು, ಕೊನೆಗೆ ಸ್ವಂತವಾಗಿ ಮಾಡುತ್ತೇನೆಂದು ಹೊರಬಂದಿದ್ದಳು. ಬಂದ ಮೇಲೆ ಗೊತ್ತಾಯಿತು, ಕಟ್ಟಿದ್ದೊಂದು ಮನೆ ತೋರಿಸದೆ ಯಾರೂ ಕೆಲಸ ಕೊಡುವುದಿಲ್ಲ ಎಂದು. ಅದೇ ಹೊತ್ತಿಗೆ ಅವಳ ಗಂಡ, ಅಂದರೆ ಟೀಚರಮ್ಮನ ಮಗ, ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಮಧ್ಯಾಹ್ನದ ಪಾಳಿ ತೆಗೆದುಹಾಕಿದರು, ಸಂಬಳ ಕಡಿಮೆಯಾಯಿತು. ಮಗಳು ಬೇರೆ ಕಾಲೇಜಿಗೆ ಹೋಗುವ ವಯಸ್ಸು. ಈ ಮಗಳಿಗೆ ಮನೆಯಲ್ಲಿ ಚೋಟಿ ಎಂದು ಹೆಸರು. ಹುಟ್ಟಿದಾಗ ಚೋಟುದ್ದ ಇದ್ದಳೆಂದು ಇಟ್ಟದ್ದು, ಈಗ ಅಪ್ಪನಿಗಿಂತ ಎತ್ತರವಾಗಿದ್ದಾಳೆ, ಹೆಸರು ಮಾತ್ರ ಬೆಳೆದಿಲ್ಲ. ಇಷ್ಟೆಲ್ಲ ಸೇರಿ ಸೊಸೆ ಒಂದು ತೀರ್ಮಾನಕ್ಕೆ ಬಂದಳು. ತಮ್ಮ ಮನೆಯನ್ನೇ ಮೊದಲು ಮಾಡುವುದು, ಅದನ್ನೇ ಬಂದವರಿಗೆ ತೋರಿಸುವುದು.

ಒಂದು ಸಂಜೆ ಊಟದ ತಟ್ಟೆಗಳನ್ನು ಸರಿಸಿ ನಕ್ಷೆ ಹರಡಿದಳು.

“ಇದು ಈಗಿನ ಗೋಡೆ. ಇದು ಹೋಗತ್ತೆ. ಇದೂ ಹೋಗತ್ತೆ. ಅಡುಗೆಮನೆ, ಊಟದ ಜಾಗ, ಹಾಲ್, ಎಲ್ಲಾ ಒಂದೇ. ಹಿಂದುಗಡೆ ಪೂರ್ತಿ ಗಾಜು.”

“ಗೋಡೆ ಹೋದ್ರೆ ಮನೆ ನಿಲ್ಲತ್ತಾ?” ಎಂದರು ಯಜಮಾನರು.

“ತೊಲೆ ಕೊಡ್ತೀವಿ ಮಾವ.”

“ತೊಲೆ ಯಾವುದರ ಮೇಲೆ ನಿಲ್ಲತ್ತೆ?”

“ಕಂಬದ ಮೇಲೆ.”

“ಕಂಬ?”

“ಅಪ್ಪಾ, ಅವಳು ಇದನ್ನೇ ಓದಿರೋದು,” ಎಂದ ಮಗ.

“ಓದಿದೋರನ್ನೇ ಕೇಳ್ಬೇಕು ಕಣೋ. ಓದದೇ ಇರೋ ನಿನ್ನನ್ನ ಕೇಳಿ ಏನು ಮಾಡ್ಲಿ?”

ಸೊಸೆ ನಕ್ಕು ಅತ್ತೆಯ ಕಡೆ ತಿರುಗಿದಳು. “ಅತ್ತೆ, ಅಡುಗೆಮನೆ ನಿಮ್ಮದು. ನಿಮಗೆ ಏನೇನು ಬೇಕು ಹೇಳಿ, ಗುರುತು ಹಾಕ್ಕೋತೀನಿ.”

“ನಿನಗೆ ಸರಿ ಕಂಡ ಹಾಗೆ ಮಾಡಮ್ಮ. ನನ್ನದೇನಿದೆ?”

ಸೊಸೆ ಸರಿ ಎಂದು ನಕ್ಷೆ ಮಡಿಸಿದಳು.

ಎಡವಟ್ಟಾದದ್ದು ಅಲ್ಲೇ. ಈ ಮನೆಯಲ್ಲಿ ಹಿಂದಿನಿಂದ ಬಂದ ಒಂದು ರೂಢಿಯಿದೆ. ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಮೊದಲ ಸಲ ಏನೂ ಬೇಡ ಅನ್ನಬೇಕು. ಮತ್ತೆ ಕೇಳಿದರೆ ಅಯ್ಯೋ ಬಿಡಿ ಅನ್ನಬೇಕು. ಅದಾದ ಮೇಲೂ ಬಿಡದೆ ಕೇಳಿದರೆ ಆಗ ಬಾಯಿ ಬಿಡಬಹುದು. ಇನ್ನೊಂದು ರೊಟ್ಟಿ ಬೇಕಾದರೂ ಇದೇ ಕ್ರಮ. ಸೊಸೆಯ ಕಸುಬಿನಲ್ಲಿ ಗಿರಾಕಿ ಒಮ್ಮೆ ಹೇಳಿದ್ದನ್ನು ಹಾಗೇ ಬರೆದುಕೊಳ್ಳಬೇಕು, ಎರಡನೇ ಸಲ ಕೇಳಿದರೆ ಮನಸ್ಸು ಬದಲಾಯಿಸಿಬಿಡುತ್ತಾರೆ. ಅಂತೂ ಅವಳು ಒಮ್ಮೆ ಕೇಳಿದಳು, ಇವರು ಒಮ್ಮೆ ಬೇಡವೆಂದರು. ಇನ್ನೊಂದು ಮಾತೂ ಇದೆ. ಬೇರೆಯವರ ಮನೆಯಾದರೆ ಗೆರೆ ಎಳೆಯುವ ಮೊದಲು ಸೊಸೆ ಒಂದು ದಿನ ಪೂರ್ತಿ ಆ ಮನೆಯ ಮೂಲೆಯಲ್ಲಿ ಕೂತು, ಯಾರು ಎಲ್ಲಿ ಓಡಾಡುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂದು ನೋಡುತ್ತಾಳೆ. ಸ್ವಂತ ಮನೆಗೆ ಅದು ಬೇಕೆನಿಸಲಿಲ್ಲ. ನಮ್ಮನೆ ನನಗೆ ಗೊತ್ತಿಲ್ವಾ ಎಂದುಕೊಂಡಳು. ಮಧ್ಯಾಹ್ನದ ಹೊತ್ತು ಅವಳು ಈ ಮನೆಯಲ್ಲಿ ಇದ್ದದ್ದೇ ಅಪರೂಪ.

ಟೀಚರಮ್ಮ ಒಂದು ಪ್ರಯತ್ನ ಮಾಡದೆ ಇರಲಿಲ್ಲ. ಪಾತ್ರೆ ತೊಳೆದು ಸೊಸೆಯ ಕೈಗೆ ಒರೆಸಲು ಕೊಡುತ್ತಾ ಕೇಳಿದರು.

“ಅಲ್ಲಮ್ಮ, ಆ ಬಾಗಿಲು…”

“ಯಾವ ಬಾಗಿಲು ಅತ್ತೆ?”

“ಇದೇ, ಅಡುಗೆಮನೇದು. ಮೆಣಸಿನಕಾಯಿ ಹುರಿಯುವಾಗ…”

ಸೊಸೆ ಒರೆಸುವ ಬಟ್ಟೆ ಕೆಳಗಿಟ್ಟಳು. ಮುಖ ಅರಳಿತು. “ನಾನು ಮೊದಲು ಯೋಚಿಸಿದ್ದೇ ಅದನ್ನ. ದೊಡ್ಡ ಚಿಮಣಿ ಹಾಕಿಸ್ತಿದೀನಿ, ಸದ್ದೂ ಮಾಡಲ್ಲ, ಘಾಟೆಲ್ಲ ಎಳ್ಕೊಳ್ಳತ್ತೆ. ಈ ಮನೆಗೆ ಬಂದಾಗಿಂದ ನೋಡ್ತಿದೀನಿ ಅತ್ತೆ, ನಮಗೆ ಕೆಮ್ಮು ಬರಬಾರದು ಅಂತ ನೀವು ಈ ಕತ್ತಲೆ ಗೂಡಲ್ಲಿ ಬಾಗಿಲು ಹಾಕ್ಕೊಂಡು ಒಬ್ಬರೇ ಬೇಯ್ತೀರ. ಇನ್ನು ಆ ಕಷ್ಟ ಬೇಡ.”

ಅವಳ ಕಣ್ಣಂಚು ಒದ್ದೆಯಾಗಿತ್ತು. ಇಷ್ಟು ವರ್ಷ ಒಳಗೆ ಬೇಯುತ್ತಿರಲಿಲ್ಲ, ನಿಮ್ಮೆಲ್ಲರಿಂದ ತಪ್ಪಿಸಿಕೊಂಡು ಚಹಾ ಕುಡಿಯುತ್ತಿದ್ದೆ ಎಂದು ಆ ಮುಖಕ್ಕೆ ಹೇಳುವುದು ಹೇಗೆ? “ಒಳ್ಳೇದಾಯ್ತು ಬಿಡಮ್ಮ,” ಎಂದು ಟೀಚರಮ್ಮ ಮುಂದಿನ ಪಾತ್ರೆಗೆ ಕೈಹಾಕಿದರು.

ಗೋಡೆ ಒಡೆಯುವಷ್ಟು ದಿನ ಎಲ್ಲರೂ ಮುಂದಿನ ಎರಡು ಕೋಣೆಗಳಲ್ಲಿ ಒತ್ತೊತ್ತಿ ಇದ್ದರು. ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರೂ ಧೂಳು ಬಂದು ಬ್ರೆಡ್ಡಿನ ಮೇಲೆ, ಬೇಯಿಸಿದ ಮೊಟ್ಟೆಯ ಮೇಲೆ ಕೂರುತ್ತಿತ್ತು. ಯಜಮಾನರು ದಿನವೂ ಹೋಗಿ ಮೇಸ್ತ್ರಿಗೆ ಪ್ರಶ್ನೆ ಕೇಳಿ ಕೇಳಿ, ಕೊನೆಗೆ ಆತ ಅವರು ಬಂದ ಕೂಡಲೇ ಡ್ರಿಲ್ಲಿಂಗ್ ಮೆಷಿನ್ ಶುರುಮಾಡುವುದನ್ನು ರೂಢಿ ಮಾಡಿಕೊಂಡ. ಟೀಚರಮ್ಮನಿಗೆ ಆ ಮೆಷಿನ್ನಿನ ಮೇಲೆ ಅಸೂಯೆಯಾಯಿತು.

ಮುಗಿದ ಮೇಲೆ ಮನೆ ಚೆನ್ನಾಗಿತ್ತು. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿತ್ತು. ಹಿಂದಿನ ಗಾಜಿನಿಂದ ಹಿತ್ತಲು ಮನೆಯೊಳಗೇ ಬಂದಂತಿತ್ತು. ಚಾವಣಿಯ ಗಾಜಿನಿಂದ ಬಿಸಿಲು ಬಿದ್ದು ಚಪಾತಿ ಲಟ್ಟಿಸುವ ಕೈಯ ರೇಖೆಗಳೆಲ್ಲ ಕಾಣುತ್ತಿದ್ದವು. ಮೊದಲು ಗೋಡೆ ಇದ್ದ ಕಡೆ ಈಗ ಒಂದೇ ಉದ್ದನೆಯ ಕಲ್ಲು, ಒಲೆಯಿಂದ ಹೊರಟು ಊಟದ ಮೇಜೂ ಆಗಿ ಹಾಲ್‌ನ ಮಧ್ಯದವರೆಗೆ ಹೋಗುತ್ತಿತ್ತು. ಎಲ್ಲಿಯೂ ಜೋಡಣೆಯಿಲ್ಲದ ಅಖಂಡ ಕಲ್ಲು. ಬಂದವರು ಮೊದಲು ಕೈಯಾಡಿಸುತ್ತಿದ್ದದ್ದು ಅದರ ಮೇಲೆ.

ಯಜಮಾನರು ತಮ್ಮ ಕುರ್ಚಿಯನ್ನು ಆ ಕಲ್ಲಿನ ತುದಿಗೆ ತಂದುಕೊಂಡರು. ಅಲ್ಲಿಂದ ಒಲೆ ಕಾಣುತ್ತಿತ್ತು.

“ಎಣ್ಣೆ ಜಾಸ್ತಿ ಆಯ್ತಲ್ಲೇ?”

“ಇಷ್ಟು ವರ್ಷ ಇಷ್ಟೇ ಹಾಕಿದ್ದು ರೀ.”

“ಇಷ್ಟೇನಾ? ನನಗೆ ಗೊತ್ತೇ ಇರ್ಲಿಲ್ಲ. ಅದಕ್ಕೇ ಡಾಕ್ಟರು ಹಾಗಂದಿದ್ದು. ಈರುಳ್ಳಿ ಇನ್ನೂ ಕೆಂಪಾಗಿಲ್ಲ ನೋಡು.”

“ನೋಡ್ತಿದೀನಿ.”

“ಆ ಕಡೇದು ತಳ ಹತ್ತಿತು.”

ಹೀಗೆ ಬೆಳಗ್ಗೆ ಶುರುವಾದರೆ ರಾತ್ರಿಯ ಊಟದವರೆಗೆ. ಮೂರು ಹೊತ್ತಿನ ಅಡುಗೆಯೂ ತನಿಖೆಯಾಯಿತು. ಮಗ ಉಪ್ಪು ನೋಡಿದ, ಮೊಮ್ಮಗಳು ಸಕ್ಕರೆ ನೋಡಿದಳು. ಸೊಸೆ ಏನೂ ಅನ್ನುತ್ತಿರಲಿಲ್ಲ, ಬಂದು ನಗುನಗುತ್ತಾ ಕುಕ್ಕರನ್ನು ಕಪಾಟಿನೊಳಗಿಡುತ್ತಿದ್ದಳು, ಒದ್ದೆ ಬಟ್ಟೆಯನ್ನು ಒಳಗಿಡುತ್ತಿದ್ದಳು, ಟೀಚರಮ್ಮ ಅರ್ಧ ಕುಡಿದ ಲೋಟವನ್ನೂ ಒಳಗಿಡುತ್ತಿದ್ದಳು. ಮನೆ ನೋಡಲು ಯಾವಾಗ ಬೇಕಾದರೂ ಜನ ಬರಬಹುದಿತ್ತು. ಮೋಟು ಸ್ಟೂಲಿಗೆ ಈ ಅಡುಗೆಮನೆಯಲ್ಲಿ ಜಾಗವೇ ಇರಲಿಲ್ಲ. ಇದ್ದಿದ್ದರೂ ಬೆನ್ನು ಕೊಡಲು ಗೋಡೆ ಇರಲಿಲ್ಲ.

ಟೀಚರಮ್ಮ ದಾರಿ ಹುಡುಕಿದರು. ಒಂದು ದಿನ ಲೋಟ ಹಿಡಿದು ಹಿತ್ತಲಿಗೆ ಹೋಗಿ ನಿಂತರು. ಗಾಜಿನ ಆಚೆಯಿಂದ ಯಜಮಾನರು ಕೈಬೀಸಿದರು; ಇವರೂ ಕೈಬೀಸಬೇಕಾಯಿತು. ಇನ್ನೊಂದು ದಿನ ಬಚ್ಚಲಿಗೆ ಹೋಗಿ ಚಿಲಕ ಹಾಕಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತರು.

“ಹೊಟ್ಟೆ ಕೆಟ್ಟಿದೆಯಾ?” ಬಾಗಿಲ ಹತ್ತಿರವೇ ಧ್ವನಿ.

“ಇಲ್ಲ.”

“ಮತ್ತೆ ಇಷ್ಟು ಹೊತ್ತು?”

“ಬರ್ತೀನಿ ಇರಿ.”

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡ. ಕೆಟ್ಟಿದೆಯೋ ಇಲ್ವೋ?”

“ಅಡ್ಡಗೋಡೆ ಎಲ್ಲಿದೆ ತಾತ?” ಚೋಟಿ ಹಾಲ್‌ನಿಂದಲೇ ಕೂಗಿದಳು. “ಅಮ್ಮ ಎಲ್ಲಾ ಒಡೆಸಿದಳಲ್ಲ.”

ಆ ರಾತ್ರಿ ಟೀಚರಮ್ಮನಿಗೆ ಗಂಜಿ ಸಿಕ್ಕಿತು. ಬೇಡವೆಂದರೆ ಯಾರೂ ಕೇಳಲಿಲ್ಲ.

ಕೊನೆಗೆ ಸೊಸೆಯನ್ನೇ ಕೇಳಿದರು. “ಇಲ್ಲೊಂದು ಪರದೆ ಹಾಕಿದ್ರೆ ಹೇಗಮ್ಮ?”

“ಪರದೆ ಯಾಕೆ ಅತ್ತೆ?”

“ಏನೋ, ಬಿಸಿಲು ಮುಖಕ್ಕೆ ಹೊಡೆಯತ್ತೆ.”

ವಾರದೊಳಗೆ ಇಬ್ಬರು ಆಳುಗಳು ಬಂದು ಚಾವಣಿಯ ಗಾಜಿಗೆ ತೆಳು ಹಾಳೆ ಅಂಟಿಸಿಹೋದರು. ಬಿಸಿಲು ತಣ್ಣಗಾಯಿತು, ಪರದೆ ಬರಲಿಲ್ಲ. ಒಲೆಯ ಮುಂದೆ ನಿಂತು ಕಾಲು ನೋಯುತ್ತದೆ, ಒಳಗೆಲ್ಲಾದರೂ ಕೂರಬೇಕು ಅಂದು ನೋಡಿದರು. ಸೊಸೆ ಒಂದು ಮೆತ್ತನೆಯ ದೊಡ್ಡ ಕುರ್ಚಿ ತರಿಸಿ ಹಾಲ್‌ನ ಸರಿ ಮಧ್ಯದಲ್ಲಿ ಇಟ್ಟಳು. “ಇಲ್ಲಿ ಕೂತ್ಕೊಳ್ಳಿ ಅತ್ತೆ, ಎಲ್ಲರೂ ಕಾಣ್ತಾರೆ, ಬೇಜಾರಾಗಲ್ಲ.” ಟೀಚರಮ್ಮ ಹೇಳಿದ ಪ್ರತಿ ಸುಳ್ಳಿಗೂ ಅವಳ ಹತ್ತಿರ ಒಂದು ಒಳ್ಳೆಯ ಪರಿಹಾರ ಇತ್ತು. ಹಾಳಾದವಳು ಸ್ವಲ್ಪ ಕೆಟ್ಟವಳಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು ಎಂದು ಟೀಚರಮ್ಮನಿಗೆ ಅನ್ನಿಸಿತು. ಉಸಿರು ಕಟ್ಟುತ್ತಿತ್ತು, ಆದರೆ ಇಷ್ಟು ಗಾಳಿ ಬೆಳಕು ಇರುವ ಮನೆಯಲ್ಲಿ ಉಸಿರು ಕಟ್ಟುತ್ತದೆ ಎಂದರೆ ಯಾರು ನಂಬುತ್ತಾರೆ?

ಸಂಕಟ ಅವರೊಬ್ಬರದೇ ಆಗಿರಲಿಲ್ಲ. ಚೋಟಿ ಫೋನು ಹಿಡಿದು ಹಿತ್ತಲ ನಲ್ಲಿಯ ಹತ್ತಿರ ನಲ್ಲಿ ತಿರುಗಿಸಿಟ್ಟು ಮಾತಾಡುತ್ತಿದ್ದಳು. “ನೀರು ಯಾಕೆ ಪೋಲು ಮಾಡ್ತೀಯ?” ಎಂದು ಅಮ್ಮ ಕೇಳಿದರೆ, “ಈ ಮನೇಲಿ ಸೀನಿದ್ರೂ ಮೂರು ಜನ ಯಾಕೆ ಅಂತ ಕೇಳ್ತಾರೆ,” ಎಂದಳು. ಮಗ ಸೊಸೆ ಜಗಳವಾಡಬೇಕಾದಾಗ ತರಕಾರಿ ತರುತ್ತೇವೆಂದು ಹೊರಟು, ಗೇಟಿನ ಹೊರಗೆ ನಿಲ್ಲಿಸಿದ ಕಾರಿನಲ್ಲೇ ಕೂತು ಆಡಿ, ಬರಿಗೈಯಲ್ಲಿ ವಾಪಸ್ ಬರುತ್ತಿದ್ದರು. ಯಜಮಾನರು ಬಾಗಿಲಲ್ಲೇ ಹಿಡಿಯುತ್ತಿದ್ದರು: “ತರಕಾರಿ ಎಲ್ಲಿ?”

ಇಷ್ಟರ ಮಧ್ಯೆ ಭಾನುವಾರಗಳು. ಮನೆ ನೋಡಲು ಬರುವವರಿಗೆ ಸೊಸೆ ಗಾಜು, ತೊಲೆ, ಗಾಳಿಯ ದಾರಿ ವಿವರಿಸುತ್ತಿದ್ದಳು. ಗಂಡಸರು ತಲೆಯಾಡಿಸುತ್ತಿದ್ದರು. ಹೆಂಗಸರು ಮಾತ್ರ ಟೀಚರಮ್ಮನ ಕಡೆ ನೋಡುತ್ತಿದ್ದರು. ಮೊದಲ ಸಲ ಒಬ್ಬಾಕೆ, “ಹಿರಿಯರಿಗೆ ಹೊಂದಿಕೆ ಆಗತ್ತಾ?” ಎಂದು ಕೇಳಿದಾಗ ಸೊಸೆಯ ಮುಖ ಚಿಕ್ಕದಾದದ್ದನ್ನು ಟೀಚರಮ್ಮ ಕಂಡರು. ಪಾಪವೆನಿಸಿತು. “ನನಗಂತೂ ಹೊಸ ಜೀವ ಬಂದ ಹಾಗಾಗಿದೆ,” ಎಂದುಬಿಟ್ಟರು. ಒಂದನೇ ತರಗತಿಯ ಮಕ್ಕಳಿಗೆ ಕಹಿ ಔಷಧ ಕುಡಿಸಿ ಪಳಗಿದ ಧ್ವನಿ; ಯಾರಾದರೂ ನಂಬಬೇಕು. ಆ ಕೆಲಸ ಸೊಸೆಗೆ ಸಿಕ್ಕಿತು. ಆಮೇಲಿನದೂ ಸಿಕ್ಕಿತು. ಸೊಸೆ ಬಂದು ಅತ್ತೆಯನ್ನು ತಬ್ಬಿಕೊಂಡು, “ನಾನು ಒಂದು ಗಂಟೆ ಹೇಳಿದ್ದನ್ನ ನೀವು ಒಂದು ಮಾತಲ್ಲಿ ಮುಗಿಸ್ತೀರ,” ಎಂದಳು. ಚೋಟಿಯ ಕಾಲೇಜಿನ ಶುಲ್ಕ ಕಟ್ಟಿದ್ದು ಆ ದುಡ್ಡಿನಲ್ಲೇ. ಟೀಚರಮ್ಮನಿಗೆ ಮಾತ್ರ ಅವತ್ತಿನಿಂದ ಒಂದು ಲೆಕ್ಕ ಬಿಡದೆ ಕಾಡಿತು. ತಾವು ನಗುತ್ತಾ ಆಡಿದ ಒಂದೊಂದು ಮಾತಿಗೂ ಊರಿನ ಯಾವುದೋ ಮನೆಯಲ್ಲಿ ಅಡುಗೆಮನೆಯ ಒಂದೊಂದು ಬಾಗಿಲು ಕಿತ್ತುಬರುತ್ತಿದೆ.

ಹೀಗಿರುವಾಗ ಔಷಧದಂಗಡಿಯವರು ಬಂದರು. ಗಂಡ, ಹೆಂಡತಿ, ಗಂಡನ ತಾಯಿ. ದೊಡ್ಡ ಕೆಲಸ, ಇಡೀ ಮನೆ ಒಡೆದು ಕಟ್ಟುವುದು. ಸೊಸೆ ಬೆಳಗ್ಗೆಯಿಂದ ಎರಡು ಸಲ ನೆಲ ಒರೆಸಿದ್ದಳು. ಬಂದ ಗಂಡಹೆಂಡತಿ ಚಾವಣಿ ನೋಡಿ ಬಾಯಿ ಬಿಟ್ಟರು. ತಾಯಿ ಗಿಡ್ಡನೆಯ ಹೆಂಗಸು, ಕೈಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದರು. ಚಾವಣಿಯನ್ನೂ ನೋಡಲಿಲ್ಲ, ಹಿತ್ತಲನ್ನೂ ನೋಡಲಿಲ್ಲ. ನೆಟ್ಟಗೆ ಒಲೆಯ ಹತ್ತಿರ ಟೀಚರಮ್ಮ ನಿಂತಲ್ಲಿಗೆ ಬಂದರು.

“ಇಲ್ಲಿ ಗೋಡೆ ಇತ್ತಾ?”

“ಇತ್ತು.”

“ಬಾಗಿಲು?”

“ಅದೂ ಇತ್ತು.”

“ಹಾಕ್ಕೋತಿದ್ರಾ?”

“ಹಾಕ್ಕೋತಿದ್ದೆ. ಮೆಣಸಿನಕಾಯಿ ಘಾಟು ನೋಡಿ.”

ಆಕೆ ಟೀಚರಮ್ಮನ ಮುಖವನ್ನೇ ದಿಟ್ಟಿಸಿದರು. “ನಾನೂ ಹಾಕ್ಕೋತೀನಿ,” ಎಂದರು. ಧ್ವನಿ ತಗ್ಗಿಸಿದರು, ಆದರೆ ಈ ಮನೆಯಲ್ಲಿ ತಗ್ಗಿಸಿ ಪ್ರಯೋಜನವಿರಲಿಲ್ಲ. “ನಮ್ಮಲ್ಲಿ ಮೀನು. ವಾಸನೆ ಸೊಸೆಗೆ ಆಗಲ್ಲ ಅಂತ.” ಚೀಲವನ್ನು ಇನ್ನಷ್ಟು ಒತ್ತಿ ಹಿಡಿದು, “ಮೀನು ತಂದು ತಿಂಗಳ ಮೇಲಾಯ್ತು,” ಎಂದರು.

ಇಷ್ಟು ವರ್ಷ ಟೀಚರಮ್ಮ ತನ್ನೊಬ್ಬಳ ರೋಗವೆಂದುಕೊಂಡದ್ದು ಎದುರಿಗೆ ಕೈಚೀಲ ಹಿಡಿದು ನಿಂತಿತ್ತು.

ಆಚೆಯಿಂದ ಔಷಧದಂಗಡಿಯಾತ ಉತ್ಸಾಹದಿಂದ ಬಂದ. “ನೋಡಿದ್ಯಾಮ್ಮ? ಇವರಿಗೂ ನಿನ್ನ ತೊಂದರೆನೇ ಇತ್ತಂತೆ. ಚಿಮಣಿ ಹಾಕ್ಸಿದ್ರೆ ಮುಗೀತು. ನಾನು ಹೇಳಿದ್ರೆ ನಂಬಲ್ಲ, ಇವರನ್ನೇ ಕೇಳು.”

“ಹೇಳಿ ಅತ್ತೆ,” ಎಂದಳು ಸೊಸೆ ನಗುತ್ತಾ. ಪೂರ್ತಿ ಭರವಸೆಯ ನಗು.

ಎಲ್ಲರೂ ಟೀಚರಮ್ಮನ ಕಡೆ ತಿರುಗಿದರು. ಹೊಸ ಜೀವ ಬಂದ ಹಾಗಾಗಿದೆ, ಇಷ್ಟೇ ಹೇಳಬೇಕಿದ್ದದ್ದು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆಕೆಯ ಬೆರಳುಗಳು ಶಾಲೆಯ ಮೊದಲ ದಿನ ಮಕ್ಕಳು ಬ್ಯಾಗು ಹಿಡಿದುಕೊಂಡ ಹಾಗೆ ಆ ಚೀಲವನ್ನು ಹಿಡಿದಿದ್ದವು. ಕಣ್ಣು ಬೇಡ ಬೇಡ ಅನ್ನುತ್ತಿತ್ತು.

“ಇವರಿಗೆ ಬಾಗಿಲು ಇಟ್ಟುಕೊಡಮ್ಮ,” ಎಂದರು ಟೀಚರಮ್ಮ.

ಸೊಸೆಯ ನಗು ಹಾಗೇ ನಿಂತಿತು. “ಘಾಟಿಗೆ ಚಿಮಣಿ ಇರತ್ತಲ್ಲ ಅತ್ತೆ.”

“ಘಾಟಿಗಲ್ಲ. ಘಾಟು ಒಂದು ನೆಪ. ಬಾಗಿಲು ಹಾಕ್ಕೊಂಡು ನಾನು ಸುಮ್ಮನೆ ಕೂತ್ಕೋತಿದ್ದೆ. ಯಾರ ಮುಖಾನೂ ನೋಡದೆ, ಯಾರ ಮಾತೂ ಕೇಳದೆ ಒಂದು ಲೋಟ ಚಹಾ ಕುಡೀತಿದ್ದೆ. ನನಗೆ ಇದ್ದಿದ್ದು ಅದೊಂದೇ. ಅದು ಹೋಯ್ತು. ಇವರದು ಹೋಗೋದು ಬೇಡ.”

ಆ ಗಿಡ್ಡ ಹೆಂಗಸು ಮಗನ ಕಡೆ ತಿರುಗಿ ನಿಧಾನವಾಗಿ ಹೇಳಿದರು: “ನನಗೆ ಮೀನು ಅಂದ್ರೆ ಮೊದಲಿಂದಲೂ ಅಷ್ಟಕ್ಕಷ್ಟೇ ಕಣೋ.”

ಅವರು ಹೋದ ಮೇಲೆ ಮೊದಲು ಬಾಯಿ ಬಿಟ್ಟವರು ಯಜಮಾನರು.

“ಯಾರ ಮುಖಾನೂ ಅಂದ್ರೆ ನನ್ನ ಮುಖ.”

“ಎಲ್ಲರ ಮುಖ.”

“ನನ್ನದೂ ಸೇರಿ?”

“ಸೇರಿ.”

“ಅಷ್ಟು ವರ್ಷ ನಾನು ಹೊರಗೆ ಕೂತು, ಪಾಪ ಒಳಗೆ ಬೇಯ್ತಿದಾಳೆ ಅಂದ್ಕೋತಿದ್ದೆ. ಪೇಪರು ಗಟ್ಟಿಯಾಗಿ ಓದ್ತಿದ್ದದ್ದು ಯಾಕೆ ಗೊತ್ತಾ? ಒಳಗಿರೋಳಿಗೂ ಕೇಳಿಸ್ಲಿ, ಬೇಜಾರು ಕಳೀಲಿ ಅಂತ.”

ಟೀಚರಮ್ಮನಿಗೆ ಇದು ಗೊತ್ತಿರಲಿಲ್ಲ. ನಾಚಿಕೆಯಾಯಿತು, ದುಃಖವಾಯಿತು, ಆದರೂ ಹೇಳಿದ ಮಾತು ವಾಪಸ್ ತೆಗೆದುಕೊಳ್ಳಬೇಕೆನಿಸಲಿಲ್ಲ.

“ನಾನು ಕೇಳಿದ್ದೆ ಅತ್ತೆ,” ಎಂದಳು ಸೊಸೆ. “ನಿಮಗೇನು ಬೇಕು ಅಂತ ಕೇಳಿದ್ದೆ.”

“ಒಂದೇ ಸಲ ಕೇಳಿದೆ.”

“ಎಷ್ಟು ಸಲ ಕೇಳ್ಬೇಕು ಈ ಮನೇಲಿ?”

ಅಳು ಬಂದಿತ್ತು ಅವಳಿಗೆ. ಅಳಲು ಸುತ್ತ ನೋಡಿದಳು. ಒಂದು ಕಡೆ ಮಾವ, ಒಂದು ಕಡೆ ಗಂಡ, ಒಂದು ಕಡೆ ಮಗಳು, ಎದುರಿಗೆ ಅತ್ತೆ. ಎಲ್ಲರಿಗೂ ಅವಳು ಅಂಗೈ ಮೇಲಿನ ನೆಲ್ಲಿಕಾಯಿಯ ಹಾಗೆ ಕಾಣುತ್ತಿದ್ದಳು. ಕಾರಿನ ಬೀಗದಕೈ ತೆಗೆದುಕೊಂಡು ಹೊರಟುಹೋದಳು. ಗೇಟಿನ ಹೊರಗೆ ಕಾರು ನಿಂತೇ ಇತ್ತು, ಅವಳು ಒಳಗೆ ಕೂತಿದ್ದಳು, ಸ್ಟಾರ್ಟ್ ಮಾಡಲಿಲ್ಲ.

ಕೆಲಸ ಕೈತಪ್ಪಲಿಲ್ಲ. ನಾಲ್ಕು ದಿನ ಬಿಟ್ಟು ಔಷಧದಂಗಡಿಯಾತ ಫೋನು ಮಾಡಿ, ಬಾಗಿಲು ಇಟ್ಟೇ ಮಾಡಿ, ಅಮ್ಮ ಹಟ ಹಿಡಿದಿದ್ದಾರೆ ಎಂದ. ಸೊಸೆ ಆ ಮನೆಗೆ ಹೋಗಿ ಬೆಳಗಿನಿಂದ ಸಂಜೆಯವರೆಗೆ ಅಡುಗೆಮನೆಯ ಹೊರಗೆ ಕೂತು ಬಂದಳು. ಗಟ್ಟಿ ಮರದ ಬಾಗಿಲು, ಒಳಗೆ ಕೂರಲು ಕಿಟಕಿಯ ಪಕ್ಕ ಒಂದು ಕಟ್ಟೆ, ಬೆಳಕು ಮೇಲಿನಿಂದ. ನಕ್ಷೆಯನ್ನು ತಂದು ಏನೂ ಹೇಳದೆ ಕಲ್ಲಿನ ಮೇಲೆ, ಅತ್ತೆಯ ಮುಂದೆ ಹರಡಿದಳು. ಟೀಚರಮ್ಮ ಆ ಕಟ್ಟೆಯ ಗೆರೆಯ ಮೇಲೆ ಬೆರಳಿಟ್ಟರು. ಆಮೇಲೆ ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದರು. ಯಾರೂ ಕೇಳದೆ, ಯಾವ ನೆಪವೂ ಇಲ್ಲದೆ ತಾವಾಗೇ ಹೇಳಿದರು.

“ನನಗೂ ಇಂಥದೊಂದು ಬೇಕಮ್ಮ.”

ಸೊಸೆ ಕಲ್ಲಿನ ಮೇಲೆ ಕೈಯಾಡಿಸಿದಳು. “ಗೋಡೆ ಎಬ್ಬಿಸ್ಬೇಕಂದ್ರೆ ಈ ಕಲ್ಲು ಒಡೀಬೇಕು ಅತ್ತೆ. ಬರೋರು ನೋಡೋದೇ ಇದನ್ನ. ನಿಮ್ಮ ಮಗನ ಅಂಗಡಿ ಕೆಲಸ ಹೇಗಿದೆ ನಿಮಗೆ ಗೊತ್ತು. ಈ ಮನೆ ಹೀಗಿದ್ರೇನೇ ನಾಳೆ ಅಡುಗೆ.” ಸ್ವಲ್ಪ ಯೋಚಿಸಿ, “ಗಾಜಿನ ಬಾಗಿಲು ಬೇಕಾದ್ರೆ ಕೂರಿಸಬಹುದು. ಸದ್ದು ಬರಲ್ಲ,” ಎಂದಳು.

“ಅಂಗಡೀಲಿ ಇಟ್ಟ ಬೊಂಬೆ ಥರ ಕೂರ್ಲಾ?”

ಸೊಸೆ ನಕ್ಷೆ ಸುತ್ತತೊಡಗಿದಳು. ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದು ಟೀಚರಮ್ಮನಿಗೂ ಗೊತ್ತಿತ್ತು.

ಆದರೆ ಸೊಸೆ ಹಾಗೇ ಬಿಡುವವಳಲ್ಲ. ಮಾರನೇ ವಾರ ರಾತ್ರಿಯ ಊಟದಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದಳು. ಇನ್ನು ಮುಂದೆ ದಿನವೂ ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಅತ್ತೆಯ ಹೊತ್ತು. ಆಗ ಯಾರೂ ಅವರನ್ನು ಮಾತಾಡಿಸಬಾರದು, ನೋಡಬಾರದು, ಸದ್ದು ಮಾಡಬಾರದು. ತಾನೂ ಆ ಹೊತ್ತಿಗೆ ಮನೆಗೆ ಬಂದಿರುತ್ತೇನೆ ಎಂದಳು.

“ಉಸಿರಾಡಬಹುದಾ?” ಎಂದಳು ಚೋಟಿ.

“ಮೆಲ್ಲಗೆ,” ಎಂದ ಅವಳಪ್ಪ.

ಯಜಮಾನರು ಏನೂ ಕೇಳಲಿಲ್ಲ. ಒಂದು ಪ್ರಶ್ನೆಯನ್ನೂ ಕೇಳದೆ ತಲೆಯಾಡಿಸಿದರು. ಅದನ್ನು ನೋಡಿ ಟೀಚರಮ್ಮ ಕೇಳದೆಯೇ ಅವರ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದರು.

ಮಾರನೆಯ ದಿನ ಊಟವಾಯಿತು. ಟೀಚರಮ್ಮ ಲೋಟ ಹಿಡಿದು ಹಾಲ್‌ನ ಮಧ್ಯದ ಮೆತ್ತನೆಯ ಕುರ್ಚಿಯಲ್ಲಿ ಕೂತರು. ಸೊಸೆ ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ದಾಟಿಹೋಗಿ ಮೂಲೆಯಲ್ಲಿ ಕೂತಳು. ಮಗ ಸೋಫಾದ ಮೇಲೆ ಕೈಕಟ್ಟಿದ. ಚೋಟಿ ಫೋನನ್ನು ಬೋರಲು ಹಾಕಿ ಅದರ ಮೇಲೆ ಅಂಗೈಯಿಟ್ಟಳು. ಯಜಮಾನರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಹಾಳೆ ಮಗುಚಿದರೆ ಸದ್ದಾಗುತ್ತದೆಂದು ಮೊದಲ ಪುಟವನ್ನೇ ಹಿಡಿದುಕೊಂಡಿದ್ದರು. ಅವರಿಗೆ ಕೆಮ್ಮು ಬಂತು. ಕೆಮ್ಮಲಿಲ್ಲ, ನುಂಗಿದರು. ಮತ್ತೆ ಬಂತು, ಮತ್ತೆ ನುಂಗಿದರು, ಹಿಡಿದ ಪೇಪರು ಅಲುಗಿತು. ಎಲ್ಲರೂ ಗಾಜಿನಾಚೆ ನೋಡುತ್ತಿದ್ದರು, ಚಾವಣಿ ನೋಡುತ್ತಿದ್ದರು, ಒಬ್ಬರೂ ಟೀಚರಮ್ಮನನ್ನು ನೋಡುತ್ತಿರಲಿಲ್ಲ. ನೋಡದೆ ಇರಲು ಅವರು ಪಡುತ್ತಿದ್ದ ಪಾಡೆಲ್ಲ ಟೀಚರಮ್ಮನಿಗೆ ಕಾಣುತ್ತಿತ್ತು. ನಾಲ್ಕು ಜನ ತನ್ನ ಮೇಲಿನ ಪ್ರೀತಿಗೆ ಉಸಿರು ಬಿಗಿಹಿಡಿದು, ತಾನು ಯಾವಾಗ ಮುಗಿಸುತ್ತೇನೋ ಎಂದು ಕಾಯುತ್ತಿದ್ದಾರೆ. ನಾಳೆಯೂ ಕಾಯುತ್ತಾರೆ, ನಾಡಿದ್ದೂ ಕಾಯುತ್ತಾರೆ. ಇದಕ್ಕೆ ಬೇಡ ಅನ್ನಲು ಇನ್ನು ಯಾವ ಬಾಯಿಯಿದೆ?

ಚಹಾ ಸುಡುತ್ತಿತ್ತು. ಟೀಚರಮ್ಮ ಆರಲು ಬಿಡಲಿಲ್ಲ. ಲೋಟವೆತ್ತಿ ಒಂದೇ ಉಸಿರಿಗೆ ಗಟಗಟನೆ ಇಳಿಸಿದರು, ನಾಲಿಗೆ ಬೊಬ್ಬೆಯೆದ್ದಿತು.

“ಆಯ್ತು,” ಎಂದು ಲೋಟ ಕೆಳಗಿಟ್ಟರು. “ಇನ್ನು ಮಾತಾಡಿ.”

ಯಜಮಾನರು ಪೇಪರು ಇಳಿಸಿ, ಅದುಮಿಟ್ಟ ಕೆಮ್ಮನ್ನೆಲ್ಲ ಕೆಮ್ಮಿ ಮುಗಿಸಿ, ಕಣ್ಣೊರೆಸಿಕೊಂಡು ಕೇಳಿದರು:

“ಚೆನ್ನಾಗಿತ್ತೇನೇ?”

“ಚೆನ್ನಾಗಿತ್ತು,” ಎಂದರು ಟೀಚರಮ್ಮ.